ಅಕ್ಕನ ಡಾಲರು ಗುಬ್ಬಿಗೆ ಬಂದ ದಾರಿ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿದ್ದ ಅಕ್ಕ ಗುಬ್ಬಿಗೆ ವಾಪಸಾಗಿ ನಾಲ್ಕು ತಿಂಗಳಾಗಿತ್ತು. ಒಂದು ದಿನ ಬೆಳಗ್ಗೆಯೇ ಫೋನ್ ಮಾಡಿದಳು. "ಆ ಡಾಲರ್ ಕಾರ್ಡ್‌ನ ನಮ್ಮೂರ ಎಟಿಎಂಗೆ ಹಾಕ್ದೆ ಕಣೋ. ಎರಡು ಸಲವೂ ದುಡ್ಡು ಬರ್ಲಿಲ್ಲ. ಎಲ್ಲಾ ಹೋಯ್ತೇನೋ?"

ಕಾರ್ಡಿನಲ್ಲಿ 640 ಡಾಲರ್ ಉಳಿದಿತ್ತು. ಅಡಿಕೆ ಮಾರಿ ಬಂದದ್ದರಲ್ಲಿ ಭಾವ ತುಂಬಿಸಿಕೊಟ್ಟಿದ್ದ ಹಣ. ಅಲ್ಲಿ ಮಗಳು, ಅಳಿಯ ಇವಳ ಕೈಯಿಂದ ಹೆಚ್ಚೇನೂ ಖರ್ಚು ಮಾಡಿಸಲಿಲ್ಲ.

ಹಣ ಎಲ್ಲೂ ಹೋಗಿರಲಿಲ್ಲ. ಫಾರೆಕ್ಸ್ ಕಾರ್ಡು ಭಾರತ, ನೇಪಾಳ, ಭೂತಾನಗಳಲ್ಲಿ ನಡೆಯುವುದಿಲ್ಲ, ಅಷ್ಟೇ. ನೋಡಲು ಡೆಬಿಟ್ ಕಾರ್ಡಿನಂತೆಯೇ ಇದ್ದರೂ ಅದರ ಹಿಂದೆ ಉಳಿತಾಯ ಖಾತೆ ಇರುವುದಿಲ್ಲ. ಒಳಗಿರುವುದು ನಾವು ಕೊಂಡ ಡಾಲರು. ಅದನ್ನು ಬ್ಯಾಂಕಿಗೇ ತಿರುಗಿ ಮಾರಬೇಕು, ಆಮೇಲೆ ರೂಪಾಯಿಯಾಗಿ ನಮ್ಮ ಖಾತೆಗೆ ಬರುತ್ತದೆ. ವರ್ಷವರ್ಷವೂ ಮಂಡಿಗೆ ಅಡಿಕೆ ಹಾಕುವ ಮನೆಯವಳಿಗೆ ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ.

ಅಕ್ಕ ಬಸ್ಸು ಹತ್ತಿ ತುಮಕೂರಿಗೆ ಬಂದಳು. ಮೊದಲು ಹೋದದ್ದು ಅವಳ ಉಳಿತಾಯ ಖಾತೆ ಇರುವ ಶಾಖೆಗೆ. "ಈ ಕಾರ್ಡು ನಮ್ಮದಲ್ಲಮ್ಮ" ಅಂದರು. ಬೆಂಗಳೂರಿನ ಏಜೆಂಟರೊಬ್ಬರಿಂದ ಕೊಂಡಿದ್ದರಿಂದ ಅದು ಯಾವ ಬ್ಯಾಂಕಿನದು ಅಂತ ನಮ್ಮ ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ. ಕಾರ್ಡು ಕೊಟ್ಟ ಬ್ಯಾಂಕಿನ ಶಾಖೆ ಬಿ.ಎಚ್. ರಸ್ತೆಯಲ್ಲೇ ಸಿಕ್ಕಿತು. ಅರ್ಜಿ, ಪಾಸ್‌ಪೋರ್ಟಿನ ಜೆರಾಕ್ಸು, ಪ್ಯಾನ್, ಹಣ ಬರಬೇಕಾದ ಖಾತೆಯ ಚೆಕ್ಕಿನ ಹಾಳೆ, ಎಲ್ಲ ಕೊಟ್ಟೆವು. ಕೊನೆಗೆ ಒಟಿಪಿ ಕೇಳಿದರು. ಅದು ಹೋಗಿದ್ದು ಟೆಕ್ಸಾಸಿನಲ್ಲಿರುವ ಮಗಳ ಫೋನಿಗೆ! ಕಾರ್ಡು ಮಾಡಿಸುವಾಗ ಅನುಕೂಲಕ್ಕೆ ಅಂತ ಅವಳ ನಂಬರನ್ನೇ ಬರೆಸಿದ್ದರು. ತುಮಕೂರಿನಲ್ಲಿ ಬೆಳಗ್ಗೆ 11 ಗಂಟೆ, ಅಲ್ಲಿ ಮಧ್ಯರಾತ್ರಿ ಹನ್ನೆರಡೂವರೆ. ಮಗು ಎದ್ದು ಅಳುತ್ತಿತ್ತು, ಹಾಗಾಗಿ ತಾಯಿಯೂ ಎದ್ದಿದ್ದಳು. ಒಟಿಪಿ ಸಿಕ್ಕಿತು.

"ಒಂದು ತಿಂಗಳಾಗಬಹುದು" ಅಂದರು ಕೌಂಟರಿನವರು. ಇಲ್ಲಿ ನಾನು ಬಾಯಿಬಿಡಲೇಬೇಕಾಯಿತು. ಕಾರ್ಡುದಾರರು ಕೇಳಿದ ಕೂಡಲೇ ಉಳಿದ ಹಣ ಮರಳಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ವಿದೇಶದಲ್ಲಿ ಉಜ್ಜಿದ ಯಾವುದಾದರೂ ಲೆಕ್ಕ ಇನ್ನೂ ಚುಕ್ತಾ ಆಗದೆ ಉಳಿದಿದ್ದರೆ ಆ ಮೊತ್ತವನ್ನೂ, ದಾರಿಯಲ್ಲಿರುವ ವಹಿವಾಟಿಗೆಂದು 100 ಡಾಲರ್ ಮೀರದ ಸಣ್ಣ ಮೊತ್ತವನ್ನೂ, ಜೊತೆಗೆ ಶುಲ್ಕವನ್ನೂ ಹಿಡಿದುಕೊಳ್ಳಬಹುದು. ಅಕ್ಕ ಅಲ್ಲಿ ಕಾರ್ಡು ಉಜ್ಜಿ ಎಷ್ಟೋ ತಿಂಗಳಾಗಿತ್ತು. ಇದನ್ನು ಸಮಾಧಾನದಿಂದಲೇ ಹೇಳಿದೆ. ಅವರು ಒಳಗೆ ಹೋಗಿ ಮ್ಯಾನೇಜರರನ್ನು ಕೇಳಿ ಬಂದರು. ನಾಲ್ಕನೇ ದಿನ ಅಕ್ಕನ ಖಾತೆಗೆ ಹಣ ಬಂತು. ಬರದಿದ್ದರೆ ಮೊದಲು ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಬೇಕು. 30 ದಿನದಲ್ಲಿ ಉತ್ತರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಿದರಾಯಿತು.

ಹೋದ ಹಣವೆಲ್ಲ ಹಾಗೇ ಬರುವುದಿಲ್ಲ ಅನ್ನುವುದನ್ನೂ ಹೇಳಬೇಕು. ಬ್ಯಾಂಕು ಡಾಲರನ್ನು ನಮಗೆ ಮಾರುವಾಗ ಒಂದು ದರ, ನಮ್ಮಿಂದ ಕೊಳ್ಳುವಾಗ ಇನ್ನೊಂದು. 86 ರೂಪಾಯಿಗೆ ಕೊಂಡು 83ಕ್ಕೆ ಮಾರಿದೆವು ಅಂತಿಟ್ಟುಕೊಳ್ಳಿ. 640 ಡಾಲರಿಗೆ 1,920 ರೂಪಾಯಿ ಅಲ್ಲೇ ಕರಗಿತು. ಇದರ ಮೇಲೆ ಜಿಎಸ್‌ಟಿ: ಒಂದು ಲಕ್ಷದವರೆಗಿನ ವಿನಿಮಯದಲ್ಲಿ ಮೊತ್ತದ ಶೇ 1ರಷ್ಟನ್ನು ಸೇವೆಯ ಬೆಲೆ ಅಂತ ಲೆಕ್ಕ ಹಿಡಿದು, ಅದಕ್ಕೆ ಶೇ 18 ತೆರಿಗೆ ಹಾಕುತ್ತಾರೆ. 53,120 ರೂಪಾಯಿಗೆ ಹೆಚ್ಚುಕಡಿಮೆ 96 ರೂಪಾಯಿ. ಎಷ್ಟು ಸಣ್ಣ ಮೊತ್ತವಾದರೂ 45 ರೂಪಾಯಿಗಿಂತ ಕಡಿಮೆಯಾಗದು. ತೆರಿಗೆ ಸಣ್ಣದು, ದರದ ಅಂತರವೇ ದೊಡ್ಡದು. ಅದಕ್ಕೇ ಬೇಕಾದಷ್ಟಕ್ಕಿಂತ ಹೆಚ್ಚು ತುಂಬಿಸಬೇಡಿ ಅಂತ ನಾನು ಒತ್ತಿ ಹೇಳುವುದು. ಕೆಲವು ಕಾರ್ಡುಗಳಲ್ಲಿ ಬಳಸದೆ ಬಿಟ್ಟರೂ ಶುಲ್ಕ ಮುರಿಯುತ್ತಾರೆ. ಪೆಟ್ಟಿಗೆಯಲ್ಲಿಟ್ಟ ಹಣ ಸುಮ್ಮನೆ ಸವೆಯುತ್ತದೆ.

ಗಡುವೂ ಇದೆ. ಖರ್ಚಾಗದೆ ಉಳಿದ ವಿದೇಶಿ ಹಣವನ್ನು ಊರಿಗೆ ಮರಳಿದ 180 ದಿನದೊಳಗೆ ಒಪ್ಪಿಸಬೇಕು. ನೋಟಿನ ರೂಪದಲ್ಲಾದರೆ 2,000 ಡಾಲರ್‌ವರೆಗೆ ಇಟ್ಟುಕೊಳ್ಳಲು ಅವಕಾಶವಿದೆ. ಅಕ್ಕನಿಗೆ ಇನ್ನೆರಡು ತಿಂಗಳು ಬಾಕಿಯಿತ್ತು.

ಇಷ್ಟರ ನಡುವೆ ಅವಳಿಗೊಂದು ಯೋಚನೆ ಬಂದಿತ್ತು. ಮೊಮ್ಮಗುವನ್ನು ನೋಡಿಕೊಳ್ಳಲು ಮುಂದಿನ ಸರದಿ ಕುಣಿಗಲ್ಲಿನ ಬೀಗರದು. "ಈ ಕಾರ್ಡ್‌ನ ಅವ್ರಿಗೇ ಕೊಟ್ರೆ ಆಗಲ್ವೇನೋ? ಯಾಕೆ ಈ ನಷ್ಟ?" ಮನಸ್ಸು ದೊಡ್ಡದು. ಆದರೆ ಕಾರ್ಡು ಅಕ್ಕನ ಹೆಸರಿನದು, ಇನ್ನೊಬ್ಬರು ಬಳಸುವಂತಿಲ್ಲ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ಹೀಗೆ ಸರದಿಯ ಮೇಲೆ ಹೋಗಿಬರುತ್ತಾರೆ. ಡಾಲರು ತುಂಬಿಸಿಕೊಡಲು ಮಕ್ಕಳಿದ್ದಾರೆ, ಏಜೆಂಟರಿದ್ದಾರೆ; ಉಳಿದದ್ದನ್ನು ಹೇಗೆ ವಾಪಸ್ ತರಬೇಕೆಂದು ಆ ಹಿರಿಯರನ್ನು ಕೂರಿಸಿಕೊಂಡು ಹೇಳುವವರು ಸಿಗುವುದಿಲ್ಲ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಹೋದ ವಾರ ಕುಣಿಗಲ್ಲಿನ ಬೀಗರು ಕಾರ್ಡು ಮಾಡಿಸಲು ತುಮಕೂರಿಗೆ ಬಂದರು. ಅಕ್ಕನೂ ಜೊತೆಗಿದ್ದಳು. ಬೀಗರು ಅಕ್ಕ ಒಯ್ದದ್ದರ ಅರ್ಧದಷ್ಟು ಮಾತ್ರ ತುಂಬಿಸಿದರು. ಫಾರಂನಲ್ಲಿ ಮೊಬೈಲ್ ನಂಬರಿನ ಜಾಗ ಬಂದಾಗ ಪೆನ್ನು ತಡೆದು ಅಕ್ಕನ ಮುಖ ನೋಡಿದರು. "ನಿಮ್ದೇ ಬರೀರಿ, ಬೀಗರೇ" ಅಂದಳು ಅಕ್ಕ.