ಎರಡು ದಿನದಲ್ಲಿ ಸುಳಿವು ಕೊಡುವ ಬ್ಯಾಕ್ಟೀರಿಯಾ



ನಮ್ಮ ತಾತ ಎಲೆ-ಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಾರೆ. "ಬಿಡಿ ತಾತ, ಕ್ಯಾನ್ಸರ್ ಬರುತ್ತೆ" ಅಂದರೆ, "ನಲವತ್ತು ವರ್ಷದಿಂದ ಹಾಕ್ತಾ ಇದೀನಿ, ಏನಾಗೈತೆ ಹೇಳು?" ಅಂತಾರೆ. ನನಗೆ ಉತ್ತರ ಗೊತ್ತಿರಲಿಲ್ಲ. ವಿಜ್ಞಾನದ ಮೇಷ್ಟ್ರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ದೇಹದ ಜೀವಕೋಶಗಳಲ್ಲಿ ಡಿ.ಎನ್.ಎ. ಇದೆ. ಕೋಶ ಹೇಗೆ ಕೆಲಸ ಮಾಡಬೇಕು ಎಂಬುದು ಅದರಲ್ಲಿ ಬರೆದಿಟ್ಟಂತೆ ಇರುತ್ತದೆ. ಕೆಲವು ರಾಸಾಯನಿಕಗಳು ಆ ಬರಹವನ್ನು ಕೆಡಿಸುತ್ತವೆ. ತಪ್ಪುಗಳು ಸೇರುತ್ತಾ ಹೋದರೆ ಕೋಶಗಳು ಅಂಕೆ ಮೀರಿ ಬೆಳೆಯುತ್ತವೆ. ಅದೇ ಕ್ಯಾನ್ಸರ್. ಮನುಷ್ಯರಲ್ಲಿ ಇದಕ್ಕೆ ಹತ್ತಾರು ವರ್ಷ ಹಿಡಿಯಬಹುದು. ಅಷ್ಟು ಕಾಲ ಕಾಯೋದು ಹೇಗೆ?

ಅಮೆರಿಕದ ಬರ್ಕ್ಲಿಯಲ್ಲಿದ್ದ ವಿಜ್ಞಾನಿ ಬ್ರೂಸ್ ಏಮ್ಸ್ 1970ರ ದಶಕದಲ್ಲಿ ಸುಲಭ ದಾರಿ ತೋರಿಸಿದರು. ಅದರ ವಿಧಾನ ಹೀಗಿದೆ:

1. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಒಂದು ತಳಿ ತೆಗೆದುಕೊಳ್ಳುತ್ತಾರೆ. ಡಿ.ಎನ್.ಎ.ಯಲ್ಲಿನ ಒಂದು ತಪ್ಪಿನಿಂದ ಇದಕ್ಕೆ ಹಿಸ್ಟಿಡಿನ್ ಎಂಬ ಪೋಷಕ ವಸ್ತುವನ್ನು ತಯಾರಿಸಲು ಬರುವುದಿಲ್ಲ.
2. ಹಿಸ್ಟಿಡಿನ್ ತೀರಾ ಕಡಿಮೆ ಇರುವ ತಟ್ಟೆಯಲ್ಲಿ ಇದನ್ನು ಹರಡಿ, ಪರೀಕ್ಷಿಸಬೇಕಾದ ರಾಸಾಯನಿಕ ಸೇರಿಸುತ್ತಾರೆ. ಕೆಲವು ವಸ್ತುಗಳು ಯಕೃತ್ತಿನಲ್ಲಿ ಬದಲಾದ ಮೇಲೆಯೇ ಕೆಡುಕು ಮಾಡುತ್ತವೆ. ಅದಕ್ಕೆ ಇಲಿಯ ಯಕೃತ್ತಿನ ರಸವನ್ನೂ ಹಾಕುತ್ತಾರೆ.
3. ರಾಸಾಯನಿಕವು ಡಿ.ಎನ್.ಎ.ಯನ್ನು ಬದಲಿಸಿದರೆ, ಕೆಲವು ಬ್ಯಾಕ್ಟೀರಿಯಾಗಳಲ್ಲಿ ಹಳೆಯ ತಪ್ಪು ಸರಿಯಾಗಿಬಿಡುತ್ತದೆ. ಅವು ಬೆಳೆದು ಎರಡು ದಿನದಲ್ಲಿ ಚುಕ್ಕೆಗಳಾಗಿ ಕಾಣುತ್ತವೆ.
4. ರಾಸಾಯನಿಕ ಹಾಕದ ತಟ್ಟೆಯಲ್ಲೂ ಕೆಲವು ಚುಕ್ಕೆ ಬರುತ್ತವೆ. ಆದ್ದರಿಂದ ಎರಡನ್ನೂ ಎಣಿಸಿ ಹೋಲಿಸಬೇಕು.

1974ರಲ್ಲಿ ಸಿಗರೇಟ್ ಹೊಗೆಯ ಸಾರ ಹಾಕಿದಾಗ ಚುಕ್ಕೆಗಳು ಹೆಚ್ಚಾದವು. ಮಕ್ಕಳ ಬಟ್ಟೆಗೆ ಬೆಂಕಿ ಹತ್ತದಿರಲಿ ಎಂದು ಅಮೆರಿಕದಲ್ಲಿ ಹಾಕುತ್ತಿದ್ದ 'ಟ್ರಿಸ್' ಎಂಬ ರಾಸಾಯನಿಕವೂ ಸಿಕ್ಕಿಬಿತ್ತು. 1977ರಲ್ಲಿ ಅಂಥ ಬಟ್ಟೆಯ ಮಾರಾಟ ನಿಲ್ಲಿಸಿದರು.

ಆದರೆ ಈ ಪರೀಕ್ಷೆಯೊಂದೇ ಸಾಲದು. ಕಲ್ನಾರು ಕ್ಯಾನ್ಸರ್ ತಂದರೂ ಇದರಲ್ಲಿ ಸಿಕ್ಕಿಬೀಳುವುದಿಲ್ಲ. ಬ್ಯಾಕ್ಟೀರಿಯಾ ಸುಳಿವು ಕೊಡುತ್ತದೆ, ಆಮೇಲೆ ಇಲಿಗಳನ್ನೂ ಮನುಷ್ಯರನ್ನೂ ನೋಡಿ ಖಚಿತಪಡಿಸಬೇಕು. ಹಾಗೆ ನೋಡಿದ ಮೇಲೆಯೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಹೊಗೆಸೊಪ್ಪು ಸೇರಿದ ಎಲೆ-ಅಡಿಕೆ ಕ್ಯಾನ್ಸರ್ ತರುತ್ತದೆಂದು 1985ರಲ್ಲಿ ಹೇಳಿತು. 2004ರಲ್ಲಿ ಅಡಿಕೆಯನ್ನೂ ಆ ಪಟ್ಟಿಗೆ ಸೇರಿಸಿತು.

ಇದನ್ನೆಲ್ಲಾ ತಾತನಿಗೆ ಹೇಳಿದೆ. "ಬಾಯೇ ಇಲ್ಲದ ಹುಳಕ್ಕೆ ಎಲೆ-ಅಡಿಕೆ ರುಚಿ ಏನ್ ಗೊತ್ತು?" ಅಂತ ನಕ್ಕರು. ಆಮೇಲೆ ಮೆಲ್ಲಗೆ, ಕೆನ್ನೆಯ ಒಳಗೆ ಒಂದು ಬಿಳಿ ಮಚ್ಚೆ ಇದೆ ಅಂದರು. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ! ಸೋಮವಾರ ಅವರ ಜೊತೆ ನಾನೂ ಆಸ್ಪತ್ರೆಗೆ ಹೋಗುತ್ತೇನೆ.

ನೀವೂ ನಿಮ್ಮ ಮನೆಯ ಹಿರಿಯರನ್ನು ಕೇಳಿ. ಬಾಯಲ್ಲಿ ಮಚ್ಚೆ ಅಥವಾ ಮಾಯದ ಹುಣ್ಣು ಇದ್ದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ.