ಮೊದಲ ಮೊಣಕೈಗೇ ಸೀಟಿ ಊದು

ತಮ್ಮಾ, ಈ ಸೀಸನ್ನಿನಿಂದ ನೀನು ದೊಡ್ಡವರ ಪಂದ್ಯಗಳಿಗೆ ರೆಫರಿಯಾಗಿ ಇಳಿಯುತ್ತಿದ್ದೀಯ ಎಂದು ಕೇಳಿ ತುಂಬ ಸಂತೋಷವಾಯಿತು. ಇಷ್ಟು ದಿನ ಶಾಲೆ ಮಕ್ಕಳ ಪಂದ್ಯಗಳಲ್ಲಿ ಟ್ರಾವೆಲಿಂಗ್, ಡಬಲ್ ಡ್ರಿಬಲ್ ನೋಡಿಕೊಂಡರೆ ಮುಕ್ಕಾಲು ಕೆಲಸ ಮುಗಿಯುತ್ತಿತ್ತು. ಇನ್ನು ಹಾಗಲ್ಲ. ಬುಟ್ಟಿಯ ಕೆಳಗೆ ಭಾರಿ ಆಳುಗಳಿಬ್ಬರು ಒಬ್ಬರನ್ನೊಬ್ಬರು ಒತ್ತಿಕೊಂಡು ಜಾಗಕ್ಕಾಗಿ ಜಗ್ಗಾಡುತ್ತಿರುತ್ತಾರೆ. ನಿಯಮವೆಲ್ಲ ನಿನಗೆ ಬಾಯಿಪಾಠ, ಅದರಲ್ಲಿ ನನಗೆ ಅನುಮಾನವಿಲ್ಲ. ಕಣ್ಣು ಎಲ್ಲಿಡಬೇಕು, ಸೀಟಿ ಯಾವಾಗ ಊದಬೇಕು ಎಂಬ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ, ಕೇಳು.

ಬಾಸ್ಕೆಟ್‌ಬಾಲ್ ಎಂದರೆ ಮೈಗೆ ಮೈ ತಾಗದ ಆಟ ಎಂದು ಕೆಲವರು ಪಾಠ ಮಾಡುತ್ತಾರೆ. ಇಪ್ಪತ್ತೆಂಟು ಮೀಟರ್ ಉದ್ದ, ಹದಿನೈದು ಮೀಟರ್ ಅಗಲದ ಅಂಕಣದಲ್ಲಿ ಹತ್ತು ಜನ ಓಡುವಾಗ ತಾಗದೆ ಇರುವುದು ಹೇಗೆ? 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಈ ಆಟವನ್ನು ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಅವರಿಗೇ ಇದು ಗೊತ್ತಿತ್ತು. ಅವರು ಬರೆದದ್ದು ಹದಿಮೂರೇ ನಿಯಮ. ಅದರಲ್ಲಿ ಐದನೆಯದು ಭುಜದಿಂದ ಗುದ್ದುವುದು, ಹಿಡಿಯುವುದು, ತಳ್ಳುವುದು, ಕಾಲು ಕೊಡುವುದು, ಹೊಡೆಯುವುದು ಇವನ್ನೆಲ್ಲ ನಿಷೇಧಿಸುತ್ತದೆ. ಎರಡನೇ ಸಲ ಹಾಗೆ ಮಾಡಿದವನು ಮುಂದಿನ ಬುಟ್ಟಿ ಬೀಳುವವರೆಗೆ ಹೊರಗೆ. ಗಾಯಗೊಳಿಸುವ ಉದ್ದೇಶ ಕಂಡರೆ ಇಡೀ ಪಂದ್ಯಕ್ಕೇ ಹೊರಗೆ, ಅವನ ಬದಲಿಗೆ ಇನ್ನೊಬ್ಬ ಬರುವಂತೆಯೂ ಇಲ್ಲ. ಎಷ್ಟು ಕಟ್ಟುನಿಟ್ಟು ನೋಡು!

ಹಾಗೆಂದು ತಾಗಿದ್ದಕ್ಕೆಲ್ಲ ಊದಿದರೆ ಆಟವೇ ಉಳಿಯುವುದಿಲ್ಲ. ಪ್ರತಿ ಆಟಗಾರನಿಗೂ ಅವನು ನಿಂತ ಜಾಗ ಮತ್ತು ಅದರ ನೇರ ಮೇಲಿನ ಗಾಳಿ ಸೇರಿ ಒಂದು ಸಿಲಿಂಡರ್ ಸ್ವಂತದ್ದು ಎನ್ನುತ್ತದೆ ಫಿಬಾ ನಿಯಮ. ಅದರೊಳಗೆ ಕೈ ಎತ್ತಿ ನೇರ ಮೇಲಕ್ಕೆ ಹಾರಿದವನಿಗೆ ಎದುರಾಳಿ ಬಂದು ಬಡಿದುಕೊಂಡರೆ, ತಪ್ಪು ಬಡಿದುಕೊಂಡವನದು. ಸಣ್ಣಪುಟ್ಟ ತಾಗುವಿಕೆಯಿಂದ ಯಾರಿಗೂ ಲಾಭ ನಷ್ಟ ಆಗಲಿಲ್ಲವೆಂದರೆ ಆಟ ನಡೆಯಲಿ, ಬಿಡು. ಆದರೆ ಮೊಣಕೈ ಬೀಸುವುದು, ಕಾಲು ಕೊಡುವುದು, ಗಾಳಿಯಲ್ಲಿರುವವನ ಕೆಳಗೆ ನುಗ್ಗುವುದು, ಇವುಗಳಲ್ಲಿ ಲಾಭ ನಷ್ಟದ ಲೆಕ್ಕ ಹಾಕುತ್ತಾ ಕೂರಬೇಡ. ಮೊದಲನೆಯದಕ್ಕೇ ಊದು. ಹಾರಿದವನು ಕೆಳಗಿಳಿಯುವ ಜಾಗ ಅವನದು. ನಮ್ಮ ಎಷ್ಟೋ ಅಂಕಣಗಳಲ್ಲಿ ಈಗಲೂ ಸಿಮೆಂಟ್ ನೆಲವೇ ಇದೆ. ಅದರ ಮೇಲೆ ಬೆನ್ನಡಿಯಾಗಿ ಬಿದ್ದ ಹುಡುಗ ಮತ್ತೆ ಎದ್ದು ಆಡುತ್ತಾನೆಂಬ ಭರವಸೆಯಿಲ್ಲ.

ಪಂದ್ಯದ ಮೊದಲ ಐದು ನಿಮಿಷ ಬುಟ್ಟಿಯ ಕೆಳಗೇ ನಿನ್ನ ಕಣ್ಣಿರಲಿ. ಚೆಂಡು ಇನ್ನೂ ಮೇಲ್ಗಡೆ ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಇಲ್ಲಿ ಹಿಂದೆ ನಿಂತವನ ಮುಂಗೈ ಮುಂದಿನವನ ಸೊಂಟಕ್ಕೆ ಬಂದು ಕೂರುತ್ತದೆ, ಮಂಡಿ ಅವನ ತೊಡೆಯ ಹಿಂಭಾಗವನ್ನು ಒತ್ತುತ್ತದೆ. ಮುಂದಿನವನು ಸುಮ್ಮನಿರುತ್ತಾನೆಯೇ? ಹಿಂದಿನವನ ತೋಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅವನೇ ನನ್ನನ್ನು ಹಿಡಿದಿದ್ದಾನೆ ಎನ್ನುವಂತೆ ತಿರುಗುತ್ತಾನೆ. ಆ ಹೊತ್ತಿಗೆ ನೀನು ಬಾಯಿ ಬಿಡಬೇಕು. “ಕೈ ತೆಗಿ, ಏಳನೇ ನಂಬರ್.” “ತೋಳು ಬಿಡು.” ಅಷ್ಟೇ, ಬೈಗುಳ ಬೇಡ, ಉಪದೇಶವೂ ಬೇಡ. ಬಹಳಷ್ಟು ಜನ ಕೇಳುತ್ತಾರೆ. ಕೇಳದವನಿಗೆ ಮರುಕ್ಷಣವೇ ಫೌಲ್ ಕೊಡು, ಚೆಂಡು ಅವನ ಹತ್ತಿರ ಇಲ್ಲದಿದ್ದರೂ ಸರಿಯೇ. ಮೊದಲ ಕ್ವಾರ್ಟರ್‌ನಲ್ಲಿ ಕೊಟ್ಟ ಆ ಒಂದು ಫೌಲ್ ಎರಡೂ ಬೆಂಚುಗಳಿಗೆ ಮುಟ್ಟುತ್ತದೆ. ನಾಲ್ಕನೇ ಕ್ವಾರ್ಟರ್‌ನಲ್ಲಿ ಅದನ್ನೇ ಊದಲು ಹೋದರೆ, ಇಷ್ಟು ಹೊತ್ತು ಎಲ್ಲಿದ್ದಿರಿ ಎಂದು ಕೋಚ್ ಕೇಳುತ್ತಾರೆ. ಅವರು ಕೇಳುವುದೂ ನ್ಯಾಯವೇ.

ಇನ್ನೊಂದು ವಿಷಯ. ಜಗಳದಲ್ಲಿ ನಮ್ಮ ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಎರಡನೇ ಏಟು. ಮೊದಲು ತಿವಿದವನು ತಪ್ಪಿಸಿಕೊಳ್ಳುತ್ತಾನೆ, ತಿರುಗಿ ಕೊಟ್ಟವನು ಸಿಕ್ಕಿಬೀಳುತ್ತಾನೆ. ಈ ಅನ್ಯಾಯ ಆಟಗಾರರ ಮನಸ್ಸಿನಲ್ಲಿ ಕೂತುಬಿಡುತ್ತದೆ. 1977ರ ಡಿಸೆಂಬರ್ 9ರಂದು ಲೇಕರ್ಸ್ ಮತ್ತು ಹ್ಯೂಸ್ಟನ್ ರಾಕೆಟ್ಸ್ ನಡುವಿನ ಎನ್‌ಬಿಎ ಪಂದ್ಯದಲ್ಲಿ ಒಂದು ರೀಬೌಂಡ್‌ನ ನಂತರ ಕರ್ಮಿಟ್ ವಾಷಿಂಗ್ಟನ್ ಮತ್ತು ಕೆವಿನ್ ಕನರ್ಟ್ ನಡುವೆ ಎಳೆದಾಟ ಶುರುವಾಯಿತು. ಆ ಕಡೆಗೆ ಓಡಿಬಂದ ರೂಡಿ ಟಾಮ್ಯಾನೊವಿಚ್ ಮುಖಕ್ಕೆ ವಾಷಿಂಗ್ಟನ್ ತಿರುಗಿ ಗುದ್ದಿದ. ಆ ಮನುಷ್ಯನ ಮುಖದ ಮೂಳೆಗಳು ಪುಡಿಯಾದವು, ಜೀವ ಉಳಿದದ್ದೇ ದೊಡ್ಡದು. ಆಗ ಎನ್‌ಬಿಎಯಲ್ಲಿ ಪಂದ್ಯಕ್ಕೆ ಇಬ್ಬರೇ ರೆಫರಿ. ಮರುವರ್ಷ ಮೂರನೆಯವರನ್ನು ಸೇರಿಸಿ ನೋಡಿದರು, ಒಂದೇ ಸೀಸನ್‌ಗೆ ಕೈಬಿಟ್ಟರು. 1988-89ರಿಂದ ಅದು ಕಾಯಂ ಆಯಿತು. ನಮ್ಮ ಸ್ಥಳೀಯ ಟೂರ್ನಿಗಳಲ್ಲಿ ಈಗಲೂ ಇಬ್ಬರಲ್ಲೇ ನಿಭಾಯಿಸುವುದುಂಟು. ಹಾಗಿದ್ದಾಗ ಚೆಂಡು ನಿನ್ನ ಜೊತೆಗಾರನ ಭಾಗದಲ್ಲಿದ್ದರೆ ಅದನ್ನು ಅವನಿಗೆ ಬಿಡು. ಚೆಂಡಿಲ್ಲದ ಆಟಗಾರರು ನಿನ್ನ ಪಾಲು. ರೀಬೌಂಡ್ ಆಗಿ ಎಲ್ಲರೂ ಆ ತುದಿಗೆ ಓಡುವಾಗಲೂ ಹಿಂದೆ ಉಳಿದ ಇಬ್ಬರನ್ನು ಬಿಟ್ಟು ತಿರುಗಬೇಡ.

ಇಬ್ಬರೂ ತಳ್ಳಾಡಿದಾಗ ಡಬಲ್ ಫೌಲ್ ಕೊಟ್ಟು ಕೈತೊಳೆದುಕೊಳ್ಳುವ ಚಟ ಕೆಲವರಿಗಿದೆ. ಫ್ರೀ ಥ್ರೋ ಇಲ್ಲ, ಚೆಂಡು ಯಾರ ಹತೋಟಿಯಲ್ಲಿತ್ತೋ ಅವರಿಗೇ ಹೋಗುತ್ತದೆ, ಯಾವ ಬೆಂಚೂ ಕೂಗುವುದಿಲ್ಲ ಎಂಬ ಲೆಕ್ಕ. ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಇಬ್ಬರೂ ತಪ್ಪು ಮಾಡಿದ್ದನ್ನು ಕಣ್ಣಾರೆ ಕಂಡಿದ್ದರೆ ಕೊಡು. ಯಾರು ಶುರು ಮಾಡಿದರೆಂದು ಕಾಣಲಿಲ್ಲವೆಂಬ ಕಾರಣಕ್ಕೆ ಕೊಡಬೇಡ, ಜೊತೆಗಾರನನ್ನು ಕೇಳು. ಚೆಂಡಿನ ಗೋಜಿಗೇ ಹೋಗದೆ ಆಳಿನ ಮೇಲೆ ಬಿದ್ದವನಿಗೆ ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಫೌಲ್ ಇದ್ದೇ ಇದೆ: ಎದುರು ತಂಡಕ್ಕೆ ಎರಡು ಫ್ರೀ ಥ್ರೋ, ಜೊತೆಗೆ ಚೆಂಡು. ಅಂಥದ್ದು ಎರಡಾದರೆ ಅವನು ಪಂದ್ಯದಿಂದ ಹೊರಗೆ. ಕೈ ಮೇಲೆತ್ತಿ ಮಣಿಕಟ್ಟು ಹಿಡಿದು ತೋರಿಸುವಾಗ ಅವನ ಮುಖದ ಮುಂದೆ ಹೋಗಿ ನಿಲ್ಲಬೇಡ. ಎರಡು ಹೆಜ್ಜೆ ದೂರ ನಿಂತು ತೋರಿಸು. ಸಿಟ್ಟಿಗೆದ್ದವನನ್ನು ಕೆಣಕುವುದು ನಮ್ಮ ಕೆಲಸವಲ್ಲ.

ಫಲಿತಾಂಶ ಖಚಿತವಾಯಿತು, ಇನ್ನು ಮುಗಿದ ಹಾಗೇ ಎಂದು ಎಂದೂ ಮೈಮರೆಯಬೇಡ. 2004ರ ನವೆಂಬರ್ 19ರಂದು ಡೆಟ್ರಾಯಿಟ್ ಪಕ್ಕದ ಆಬರ್ನ್ ಹಿಲ್ಸ್‌ನಲ್ಲಿ ಇಂಡಿಯಾನಾ ಪೇಸರ್ಸ್ 97-82ರಿಂದ ಮುಂದಿತ್ತು, ಉಳಿದಿದ್ದದ್ದು 45.9 ಸೆಕೆಂಡು. ಆಗ ರಾನ್ ಆರ್ಟೆಸ್ಟ್ ಹಿಂದಿನಿಂದ ಬಲವಾದ ಫೌಲ್ ಮಾಡಿದ, ಬೆನ್ ವ್ಯಾಲೇಸ್ ತಿರುಗಿ ಅವನನ್ನು ಎರಡೂ ಕೈಯಿಂದ ತಳ್ಳಿದ. ಗಲಾಟೆ ನಡೆಯುತ್ತಿದ್ದಂತೆ ಆರ್ಟೆಸ್ಟ್ ಸ್ಕೋರರ್ ಮೇಜಿನ ಮೇಲೆ ಹೋಗಿ ಮಲಗಿದ. ಪ್ರೇಕ್ಷಕನೊಬ್ಬ ಎಸೆದ ಲೋಟ ಅವನ ಮೇಲೆ ಬಿತ್ತು, ಅವನು ಗ್ಯಾಲರಿಗೇ ನುಗ್ಗಿದ. ಪಂದ್ಯವನ್ನು ಅಲ್ಲಿಗೇ ಮುಗಿಸಬೇಕಾಯಿತು. ಒಂಬತ್ತು ಆಟಗಾರರು ಅಮಾನತಾದರು, ಆರ್ಟೆಸ್ಟ್ ಒಬ್ಬನೇ 86 ಪಂದ್ಯ ಕಳೆದುಕೊಂಡ. ನನ್ನ ಅಭಿಪ್ರಾಯ ಕೇಳಿದರೆ, ಆ ತಳ್ಳಾಟ ಆದ ಕೂಡಲೇ ಎರಡೂ ತಂಡದವರನ್ನು ಅವರವರ ಬೆಂಚಿಗೆ ಅಟ್ಟಬೇಕಿತ್ತು. ಆಟಗಾರರು ಅಂಕಣದಲ್ಲಿ ಅಡ್ಡಾಡುತ್ತಿದ್ದಷ್ಟು ಹೊತ್ತೂ ಅಪಾಯ ಬೆಳೆಯುತ್ತದೆ.

ನಿನ್ನ ಪಂದ್ಯದಲ್ಲಿ ಹೊಡೆದಾಟ ಆಗಿಯೇ ಹೋದರೆ ನೀನು ಹೋಗಿ ಯಾರನ್ನೂ ತಬ್ಬಿ ಹಿಡಿಯಬೇಡ. ಬಿಡಿಸಲು ಸಹಾಯ ಮಾಡಬಹುದಾದವರು ಮುಖ್ಯ ಕೋಚ್ ಮತ್ತು ಮೊದಲ ಸಹಾಯಕ ಕೋಚ್, ಅವರನ್ನು ಕರೆ. ನೀನು ಎರಡೂ ಬೆಂಚು ಕಾಣುವ ಹಾಗೆ ನಿಂತು ಯಾವ ನಂಬರಿನವರು ಎದ್ದು ಅಂಕಣಕ್ಕೆ ಬಂದರು ಎಂದು ಗುರುತಿಟ್ಟುಕೋ. ನಿಯಮದ ಪ್ರಕಾರ ಹಾಗೆ ಬಂದವರೂ ಹೊರಗೆ.

ಪಂದ್ಯಕ್ಕೆ ಇಪ್ಪತ್ತು ನಿಮಿಷ ಮೊದಲೇ ನಮ್ಮ ಅಧಿಕಾರ ಶುರುವಾಗುತ್ತದೆ. ಆ ಹೊತ್ತಿನಲ್ಲಿ ಮೊಬೈಲ್ ನೋಡುತ್ತಾ ನಿಲ್ಲಬೇಡ, ಆಟಗಾರರು ಅಭ್ಯಾಸ ಮಾಡುವುದನ್ನು ನೋಡು. ಯಾರು ಯಾರನ್ನು ದುರುಗುಟ್ಟಿಕೊಂಡು ನೋಡುತ್ತಿದ್ದಾರೆ, ಹಳೇ ಕಿಚ್ಚು ಯಾರ ನಡುವೆ ಇದೆ ಎಂಬುದು ಅಲ್ಲೇ ತಿಳಿಯುತ್ತದೆ. ಅದನ್ನು ಜೊತೆಗಾರನ ಕಿವಿಗೆ ಹಾಕಿ, ಬುಟ್ಟಿಯ ಕೆಳಗಿನ ಆ ಇಬ್ಬರನ್ನು ಯಾವಾಗ ಯಾರು ನೋಡಬೇಕೆಂದು ಮಾತಾಡಿಕೊಂಡೇ ಜಂಪ್ ಬಾಲ್ ಎಸೆ.