ಅಜ್ಜನ ಹೊಲ ನಕ್ಷೆಯಲ್ಲಿ ಎಲ್ಲಿದೆ?

ಊರು ಬಿಟ್ಟು ಎರಡು ತಲೆಮಾರು ಕಳೆದ ಮನೆಗಳಲ್ಲಿ ಉಳಿದಿರುವುದು ಹೆಸರಿನ ಮುಂದಿನ ಇನಿಷಿಯಲ್, ವರ್ಷಕ್ಕೊಮ್ಮೆ ಹೋಗಿಬರುವ ಮನೆದೇವರು, ಟ್ರಂಕಿನ ತಳದಲ್ಲಿ ಮಡಚಿಟ್ಟ ನಾಲ್ಕಾರು ಕಾಗದ, ಅಷ್ಟೆ. ಮುತ್ತಜ್ಜನ ಹೆಸರು ಕೇಳಿದರೆ ತಡವರಿಸುತ್ತೇವೆ. ಹಳ್ಳಿಗಳಲ್ಲಿ ಹಳೆ ಕಾಲದ ಜನನ-ಮರಣದ ದಾಖಲೆ ಸಿಗುವುದು ಅಪರೂಪ. ಆದರೆ ಕಂದಾಯದ ವಿಷಯದಲ್ಲಿ ಸರ್ಕಾರ ಎಂದೂ ಮೈಮರೆತಿಲ್ಲ. ಅಳೆದ ಹೊಲ, ಅದಕ್ಕೆ ಕೊಟ್ಟ ನಂಬರು, ನಂಬರಿನ ಎದುರು ಬರೆದ ರೈತನ ಹೆಸರು, ಈ ಮೂರೂ ಮೊದಲ ಸರ್ವೆಯಿಂದ ಜೊತೆಯಾಗಿಯೇ ಬಂದಿವೆ. ನಕ್ಷೆಯಲ್ಲಿ ಹೆಸರಿರುವುದಿಲ್ಲ, ನಂಬರಿರುತ್ತದೆ. ಆ ನಂಬರು ಹಿಡಿದು ಹಿಂದಕ್ಕೆ ನಡೆದರೆ ಹೆಸರುಗಳು ಸಿಗುತ್ತವೆ.

ಇಲ್ಲಿ ಹೇಳಿರುವ ಕ್ರಮ ಮುಖ್ಯವಾಗಿ ಹಳೆ ಮೈಸೂರಿನ ಹಳ್ಳಿಗಳಿಗೆ ಹೊಂದುತ್ತದೆ. ಬೇರೆ ಸೀಮೆಗಳ ವ್ಯತ್ಯಾಸ ಕೊನೆಯಲ್ಲಿದೆ.

ಮೊದಲು ಮನೆಯ ಕಾಗದ

ಕಚೇರಿಗೆ ಓಡುವ ಮುಂಚೆ ಟ್ರಂಕು ತೆರೆಯಿರಿ. ಕಂದಾಯದ ರಸೀದಿ, ಪಟ್ಟೆ ಪುಸ್ತಕ, ಕ್ರಯಪತ್ರ, ಪಾಲುಪಟ್ಟಿ, ಅಡಮಾನದ ಪತ್ರ, ಯಾವುದಾದರೂ ಸರಿ. ಇವುಗಳಲ್ಲಿ ಹುಡುಕಬೇಕಾದದ್ದು ಊರಿನ ಹೆಸರು, ಹೋಬಳಿ, ಸರ್ವೆ ನಂಬರು ಮತ್ತು ಚಕ್ಕುಬಂದಿ. ಎಲ್ಲಕ್ಕಿಂತ ಬೆಲೆಬಾಳುವುದು ಚಕ್ಕುಬಂದಿ ಎನ್ನುವುದು ನನ್ನ ಅಭಿಪ್ರಾಯ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಕೆರೆ ಏರಿ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಹಳ್ಳ ಎಂದು ಬರೆದ ಆ ಒಂದು ಸಾಲಿನಲ್ಲಿ ನೆರೆಯವರ ಹೆಸರಿರುತ್ತದೆ. ಆ ನೆರೆಯವರು ಬಹಳ ಸಲ ದಾಯಾದಿಗಳೇ.

ಬಳಿಕ ಮನೆಯ ಹಿರಿಯರನ್ನು ಕೇಳಿ. ವಂಶಾವಳಿ ಹೇಳಿ ಎಂದರೆ ಅವರು ಸುಮ್ಮನಾಗಬಹುದು. ಹೊಲಗಳ ಹೆಸರು ಕೇಳಿದರೆ ಮಾತು ತಾನೇ ಹರಿಯುತ್ತದೆ: ಹುಣಸೆಮರದ ಹೊಲ, ಗುಡಿ ಹಿಂದಿನ ಗದ್ದೆ, ಕೋಡಿ ಕೆಳಗಿನ ತೋಟ. ಇವನ್ನೆಲ್ಲ ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ನಕ್ಷೆಯಲ್ಲಿ ಗುಡಿ, ಕೋಡಿ, ಕೆರೆ ಕಂಡಾಗ ಇವು ಉಪಯೋಗಕ್ಕೆ ಬರುತ್ತವೆ.

ಊರು ಗೊತ್ತುಮಾಡಿಕೊಳ್ಳಿ

ಹೊಸಹಳ್ಳಿ, ಕೋಡಿಹಳ್ಳಿ, ಹೊಸೂರು ಎಂಬ ಹೆಸರುಗಳು ರಾಜ್ಯದ ತುಂಬ ಇವೆ. ಹೋಬಳಿಯ ಹೆಸರಿಲ್ಲದೆ ಹುಡುಕಾಟ ಮುಂದೆ ಸಾಗುವುದಿಲ್ಲ. ಜಿಲ್ಲೆಯ ಗಡಿಗಳೂ ಬದಲಾಗಿವೆ. ಹಳೆ ಪತ್ರದಲ್ಲಿ ಚಿತ್ರದುರ್ಗ ಜಿಲ್ಲೆ ಎಂದಿರುವ ಹರಿಹರದ ಹಳ್ಳಿ, ಶಿವಮೊಗ್ಗ ಜಿಲ್ಲೆ ಎಂದಿರುವ ಚನ್ನಗಿರಿಯ ಹಳ್ಳಿ 1997ರಿಂದ ದಾವಣಗೆರೆ ಜಿಲ್ಲೆಗೆ ಸೇರಿವೆ. ರಾಮನಗರ, ಚಿಕ್ಕಬಳ್ಳಾಪುರ ಜಿಲ್ಲೆಗಳಾದದ್ದು 2007ರಲ್ಲಿ. ಇಂಗ್ಲಿಷ್ ನಕ್ಷೆಗಳಲ್ಲಿ ಬ್ರಿಟಿಷರ ಕಿವಿಗೆ ಬಿದ್ದಂತೆ ಬರೆದ ಕಾಗುಣಿತ ಇರುವುದರಿಂದ ಹೆಸರನ್ನು ಗಟ್ಟಿಯಾಗಿ ಓದಿ ನೋಡುವುದು ಒಳ್ಳೆಯದು.

ಗ್ರಾಮನಕ್ಷೆ ಇಳಿಸಿಕೊಳ್ಳಿ

ಮೈಸೂರು ಸಂಸ್ಥಾನದಲ್ಲಿ ಹೊಲಹೊಲವನ್ನೂ ಅಳೆಯುವ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ, ಹರಿಹರ ತಾಲ್ಲೂಕಿನಿಂದ. ಮುಂಬೈ ಪ್ರಾಂತ್ಯದಲ್ಲಿ ವಿಂಗೇಟ್ ಮತ್ತು ಗೋಲ್ಡ್‌ಸ್ಮಿಡ್ ರೂಪಿಸಿದ್ದ ಪದ್ಧತಿಯೇ ಇಲ್ಲಿಗೂ ಬಂತು. ಅದರ ಫಲವೇ ಇಂದಿಗೂ ಬಳಕೆಯಲ್ಲಿರುವ ಗ್ರಾಮನಕ್ಷೆ. ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಿದರೆ ಊರಿನ ನಕ್ಷೆ ಪಿಡಿಎಫ್ ರೂಪದಲ್ಲಿ ಸಿಗುತ್ತದೆ. ಸಾಮಾನ್ಯವಾಗಿ ಇವು 1:7,920 ಅಳತೆಯವು. ನಕ್ಷೆಯ ಒಂದು ಇಂಚು ನೆಲದ ಮೇಲೆ 660 ಅಡಿ, ಅಂದರೆ 33 ಅಡಿಯ ಸರ್ವೆ ಸರಪಳಿಯಲ್ಲಿ 20 ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಜಾಗವೇ ಒಂದು ಗುಂಟೆ. ನಲವತ್ತು ಗುಂಟೆಗೆ ಎಕರೆ.

ನಕ್ಷೆ ತೆರೆದೊಡನೆ ನಿಮ್ಮ ನಂಬರು ಹುಡುಕಬೇಡಿ. ಮೊದಲು ಗ್ರಾಮಠಾಣ, ಕೆರೆ, ಹಳ್ಳ, ಬಂಡಿದಾರಿ, ಗಡಿಯ ಬಾಂದು ಕಲ್ಲುಗಳನ್ನು ಗುರುತಿಸಿ. ಪಕ್ಕದ ಊರುಗಳ ಹೆಸರು ಅಂಚಿನಲ್ಲಿರುತ್ತದೆ. ಹೆಣ್ಣು ತಂದ, ಕೊಟ್ಟ ಊರುಗಳು ಅಲ್ಲೇ ಇರುವ ಸಂಭವ ಹೆಚ್ಚು. ಆಮೇಲೆ ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ಹೊಲದಲ್ಲಿ ನಿಂತರೆ ಕಾಲಡಿಯ ಸರ್ವೆ ನಂಬರನ್ನು ಅದು ತೋರಿಸುತ್ತದೆ. ಗಡಿ ಕೆಲವು ಅಡಿ ಆಚೀಚೆ ಕಾಣಬಹುದು. ನಮ್ಮ ಕೆಲಸಕ್ಕೆ ಅಷ್ಟು ಸಾಕು, ಬೇಲಿ ಹಾಕುವುದಕ್ಕೆ ಸಾಲದು.

ಜಾಲದಲ್ಲಿ ಇದಕ್ಕಿಂತ ಹಳೆಯ, ಕಣ್ಣಿಗೆ ಹಬ್ಬವಾಗುವ ನಕ್ಷೆಗಳೂ ಸಿಗುತ್ತವೆ. ಟಿಪ್ಪು ಪತನದ ನಂತರ ಕಾಲಿನ್ ಮೆಕೆಂಜಿ ನಡೆಸಿದ ಮೈಸೂರು ಸರ್ವೆಯವು ಅಂಥವು. ಆ ಕಾಲದಲ್ಲಿ ನಿಮ್ಮ ಊರು ಇತ್ತೇ ಎಂಬುದಕ್ಕೆ ಅವು ಉತ್ತರ ಕೊಡಬಲ್ಲವು. ಹೊಲಗದ್ದೆಯ ವಿವರ ಅವುಗಳಲ್ಲಿಲ್ಲ, ಹಾಗಾಗಿ ವಂಶ ಹುಡುಕುವವರು ಅಲ್ಲಿ ಹೆಚ್ಚು ಹೊತ್ತು ಕಳೆಯಬೇಕಾಗಿಲ್ಲ.

ನಂಬರು ಒಡೆದ ಬಗೆ ಓದಿ

ಈ ಕೆಲಸದ ಜೀವಾಳ ಇದು. ಒಂದು ಕಲ್ಪಿತ ಉದಾಹರಣೆ ನೋಡೋಣ. ಸರ್ವೆ ನಂಬರ್ 45ರ ಒಟ್ಟು ವಿಸ್ತೀರ್ಣ 6 ಎಕರೆ 18 ಗುಂಟೆ. ಹಳ್ಳ ಹರಿಯುವ 6 ಗುಂಟೆ ಖರಾಬು (ಸಾಗುವಳಿಗೆ ಬಾರದ ನೆಲ) ಕಳೆದರೆ ಉಳಿಯುವುದು 6 ಎಕರೆ 12 ಗುಂಟೆ. ಇಂದಿನ ಪಹಣಿಯಲ್ಲಿ 45/1 ಮತ್ತು 45/3 ತಲಾ 2 ಎಕರೆ 4 ಗುಂಟೆ. 45/2ಎ ಮತ್ತು 45/2ಬಿ ತಲಾ 1 ಎಕರೆ 2 ಗುಂಟೆ. ಕೂಡಿಸಿ ನೋಡಿ: ಮೊದಲು ಮೂರು ಸಮಪಾಲು, ಆಮೇಲೆ ನಡುವಿನ ಪಾಲು ಮತ್ತೆ ಎರಡು. ಮೂವರು ಅಣ್ಣತಮ್ಮಂದಿರು, ನಡುವಿನವನಿಗೆ ಇಬ್ಬರು ಗಂಡುಮಕ್ಕಳು ಎಂದು ಊಹಿಸಬಹುದು. ಹಿಸ್ಸಾಗಳು, ಅಂದರೆ ಒಡೆದ ಪಾಲುಗಳು, ಉದ್ದುದ್ದ ಪಟ್ಟಿಗಳಾಗಿ ಮೇಲಿನ ದಿಣ್ಣೆಯಿಂದ ಕೆಳಗಿನ ಹಳ್ಳದವರೆಗೆ ಇಳಿದಿದ್ದರೆ ಊಹೆಗೆ ಇನ್ನಷ್ಟು ಬಲ. ಕಲ್ಲುನೆಲವೂ ಮೆಕ್ಕಲೂ ನೀರಿನ ಅಂಚೂ ಎಲ್ಲರಿಗೂ ಬರಲಿ ಎಂದು ಪಾಲು ಮಾಡುವಾಗ ಹಾಗೆ ಸೀಳುತ್ತಾರೆ. ಹೊರಗಿನವನಿಗೆ ಮಾರುವಾಗ ಸಾಮಾನ್ಯವಾಗಿ ಒಂದು ಮೂಲೆಯನ್ನೋ ರಸ್ತೆ ಕಡೆಯ ತುಂಡನ್ನೋ ಕತ್ತರಿಸಿ ಕೊಡುತ್ತಾರೆ.

ಊಹೆಯನ್ನು ದಾಖಲೆಯಿಂದ ಗಟ್ಟಿಮಾಡಿಕೊಳ್ಳಬೇಕು. ಅದಕ್ಕೆ ತಾಲ್ಲೂಕು ಕಚೇರಿ ಮತ್ತು ಅಲ್ಲಿನ ಸರ್ವೆ ಶಾಖೆಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ. ಅರ್ಜಿಯಲ್ಲಿ "ಎಲ್ಲ ಹಳೆ ದಾಖಲೆ ಕೊಡಿ" ಎಂದು ಬರೆದರೆ ಕೆಲಸ ಆಗದು. ಊರು, ನಂಬರು, ಬೇಕಾದ ದಾಖಲೆಯ ಹೆಸರು ಬಿಡಿಬಿಡಿಯಾಗಿ ಬರೆಯಿರಿ. ಕೇಳಬೇಕಾದವು ಇವು: ಮೂಲ ಟಿಪ್ಪಣಿ, ಹಿಸ್ಸಾ ಟಿಪ್ಪಣಿ, ಆಕಾರ್‌ಬಂದ್, ಐ.ಎಲ್. (ಇಂಡೆಕ್ಸ್ ಆಫ್ ಲ್ಯಾಂಡ್ಸ್) ಮತ್ತು ಆರ್.ಆರ್. (ರೆಕಾರ್ಡ್ ಆಫ್ ರೈಟ್ಸ್) ಪ್ರತಿ, ಮ್ಯುಟೇಶನ್ ರಿಜಿಸ್ಟರ್, ಕೈಬರಹದ ಪಹಣಿಗಳು. ಹಳೆ ಕಡತಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ ಮುಗಿದ ಕಡೆಗಳಲ್ಲಿ ಪ್ರತಿಗಳು ಬೇಗ ಸಿಗುತ್ತವೆ. ಉಳಿದ ಕಡೆ ತಾಳ್ಮೆ ಬೇಕು. ಕೆಲವು ಪುಟಗಳು ಗೆದ್ದಲ ಪಾಲಾಗಿರುತ್ತವೆ.

ಟಿಪ್ಪಣಿ ಕೈಗೆ ಬಂದಾಗ ಗಾಬರಿಯಾಗಬೇಡಿ. ಸರ್ವೆಯರ್ ಹೊಲದಲ್ಲೇ ನಿಂತು ಗೀಚಿದ ಚಿತ್ರ ಅದು, ಅಳತೆಗೆ ತಕ್ಕ ಆಕಾರ ಇರುವುದಿಲ್ಲ. ಗೆರೆಗಳ ಮೇಲಿನ ಅಂಕಿಗಳು ಸರಪಳಿ ಮತ್ತು ಆಣೆ. ಹದಿನಾರು ಆಣೆಗೆ ಒಂದು ಸರಪಳಿ. 6–8 ಎಂದಿದ್ದರೆ ಆರೂವರೆ ಸರಪಳಿ, ಅಂದರೆ 214.5 ಅಡಿ. ಹಿಸ್ಸಾ ಟಿಪ್ಪಣಿಯಲ್ಲಿ ಪ್ರತಿ ಪಾಲಿನ ಹಿಡುವಳಿದಾರನ ಹೆಸರೂ ಸಿಗಬಹುದು.

ಹೆಸರುಗಳ ಕಡತ

ಮ್ಯುಟೇಶನ್ ರಿಜಿಸ್ಟರಿನಲ್ಲಿ ಖಾತೆ ಬದಲಾದ ಕಾರಣ ಬರೆದಿರುತ್ತದೆ. ವಿಭಾಗ, ಕ್ರಯ, ದಾನ, ಪೌತಿ. ಪೌತಿ ಎಂದಿದ್ದರೆ ಖಾತೆದಾರ ಅದಕ್ಕೂ ಮೊದಲೇ ತೀರಿಕೊಂಡಿದ್ದಾನೆ. ಆದರೆ ಸತ್ತು ಇಪ್ಪತ್ತು ವರ್ಷವಾದ ಮೇಲೆ ಪೌತಿ ಖಾತೆ ಮಾಡಿಸಿಕೊಂಡ ಮನೆಗಳೂ ಧಾರಾಳವಾಗಿವೆ, ಆದ್ದರಿಂದ ಆ ತಾರೀಖನ್ನೇ ಸಾವಿನ ತಾರೀಖು ಎಂದು ಬರೆದುಕೊಳ್ಳಬೇಡಿ. "ತಿಮ್ಮಯ್ಯ ಬಿನ್ ರಂಗಪ್ಪ" ಎಂದಿದ್ದರೆ ಒಂದೇ ಸಾಲಿನಲ್ಲಿ ಎರಡು ತಲೆಮಾರು ಸಿಕ್ಕಂತೆ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದಾಗಿ ಅದೇ ತಿಮ್ಮಯ್ಯ, ಅದೇ ರಂಗಪ್ಪ ಮತ್ತೆ ಮತ್ತೆ ಬರುತ್ತಾರೆ. ಪ್ರತಿ ಹೆಸರಿನ ಪಕ್ಕ ವರ್ಷ ಮತ್ತು ನಂಬರು ಬರೆಯದಿದ್ದರೆ ತಾತನೂ ಮೊಮ್ಮಗನೂ ಒಬ್ಬನೇ ಆಗಿಬಿಡುತ್ತಾರೆ.

ಹೆಣ್ಣುಮಕ್ಕಳ ಹೆಸರು ಹಳೆ ಖಾತೆಗಳಲ್ಲಿ ವಿರಳ. ಅವರು ಕಾಣಿಸಿಕೊಳ್ಳುವ ಜಾಗಗಳು ಕೆಲವೇ: ಗಂಡ ತೀರಿಕೊಂಡು ಮಗ ಮೈನರ್ ಆಗಿದ್ದಾಗ ಗಾರ್ಡಿಯನ್ ಆಗಿ, "ಕೋಂ" ಎಂದು ಗಂಡನ ಹೆಸರಿನ ಜೊತೆ, ದಾನಪತ್ರದಲ್ಲಿ ಮಗಳಾಗಿ. ಇಂಥ ನಮೂದು ಕಂಡರೆ ಬಿಡಬೇಡಿ. ಅಜ್ಜಿಯ ತವರಿನ ದಾರಿ ಅಲ್ಲಿಂದಲೇ ತೆರೆಯಬಹುದು.

ನಮ್ಮವರಿಗೆ ಸ್ವಂತ ಜಮೀನೇ ಇರಲಿಲ್ಲ ಎನ್ನುವವರು ಏನು ಮಾಡಬೇಕು? ದಾಖಲೆ ಬಡವರಿಗೆ ಜಿಪುಣ, ನಿಜ. ಆದರೂ ಹುಡುಕುವ ಜಾಗಗಳಿವೆ. ಗೇಣಿದಾರರ ಹೆಸರು ಪಹಣಿಯ 12ನೇ ಕಲಂನಲ್ಲಿ, ಸಾಗುವಳಿದಾರರ ಜಾಗದಲ್ಲಿರಬಹುದು. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಗೇಣಿದಾರರು ಸಲ್ಲಿಸಿದ ನಮೂನೆ 7ರ ಅರ್ಜಿ ಮತ್ತು ಭೂ ನ್ಯಾಯಮಂಡಳಿಯ ಆದೇಶದಲ್ಲಿ ಎಷ್ಟು ವರ್ಷದಿಂದ, ಯಾರ ಕಾಲದಿಂದ ಉಳುತ್ತಿದ್ದರು ಎಂಬ ಹೇಳಿಕೆ ಸಿಗುವುದುಂಟು. ತೋಟಿ, ತಳವಾರ, ನೀರಗಂಟಿ ಮನೆತನಗಳಿಗೆ ಚಾಕರಿಯ ಇನಾಂ ಜಮೀನಿದ್ದರೆ, 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಡಿ ಅದನ್ನು ಮರುಮಂಜೂರು ಮಾಡಿದ ಕಡತ ಕೇಳಿ.

ಊರೇ ಇಲ್ಲದಿದ್ದರೆ

ಕೆಲವರ ಮೂಲ ಊರು ಇಂದು ಬೇಚರಾಕ್ ಗ್ರಾಮ. ಹೆಸರು, ಗಡಿ, ನಂಬರು ಎಲ್ಲ ಕಡತದಲ್ಲಿವೆ, ಮನೆಗಳಿಲ್ಲ. 1876–78ರ ಧಾತು-ಈಶ್ವರ ಬರಕ್ಕೆ ಮೊದಲು 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಅದಾದ ಎರಡು ದಶಕದಲ್ಲಿ ಪ್ಲೇಗು ಬಂತು. ಹೀಗೆ ಖಾಲಿಯಾದ ಊರುಗಳುಂಟು. ಬೇಚರಾಕ್ ಊರಿಗೂ ಗ್ರಾಮನಕ್ಷೆ ಇರುತ್ತದೆ, ಅದರಲ್ಲಿ ಹಳೆ ಗ್ರಾಮಠಾಣದ ಗುರುತೂ ಇರುತ್ತದೆ. ಅಲ್ಲಿ ಹೋಗಿ ನೋಡಿದರೆ ಒಂದು ಗುಡಿ, ಹಾಳು ಬಾವಿ ಸಿಗಬಹುದು. ನಿಮ್ಮ ಮನೆದೇವರ ಗುಡಿ ಅದೇ ಆಗಿದ್ದರೆ ಆಶ್ಚರ್ಯವಿಲ್ಲ.

ಅಣೆಕಟ್ಟಿನಲ್ಲಿ ಮುಳುಗಿದ ಊರುಗಳದು ಬೇರೆ ಕತೆ. ಕನ್ನಂಬಾಡಿ ಕಟ್ಟೆಯ ನೀರಿನಡಿ ಹೋದ ಊರುಗಳಿರಲಿ, 1964ರಲ್ಲಿ ಪೂರ್ಣಗೊಂಡ ಶರಾವತಿಯ ಲಿಂಗನಮಕ್ಕಿ ನುಂಗಿದ ಹಳ್ಳಿಗಳಿರಲಿ, ಅಣೆಕಟ್ಟಿಗಿಂತ ಮೊದಲು ಸರ್ವೆಯಾದ ಸರ್ವೆ ಆಫ್ ಇಂಡಿಯಾದ ಸ್ಥಳನಕ್ಷೆ ಬೇಕು. ಹಾಳೆಯ ಅಂಚಿನಲ್ಲಿ ಸರ್ವೆಯ ವರ್ಷ ಮುದ್ರಿಸಿರುತ್ತಾರೆ. ಮುದ್ರಣದ ವರ್ಷ ಬೇರೆ, ಸರ್ವೆಯ ವರ್ಷ ಬೇರೆ. ಅಮೆರಿಕದ ಸೇನೆ 1950ರ ದಶಕದಿಂದ ಮುದ್ರಿಸಿದ 1:2,50,000 ಅಳತೆಯ ಭಾರತದ ನಕ್ಷೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಶರಾವತಿ ಹಿನ್ನೀರಿನಿಂದ ಎದ್ದು ಬಂದ ಮನೆತನಗಳು ಮೊದಲು ನೋಡಬೇಕಾದದ್ದು ಅವನ್ನು. ನಕ್ಷೆಯಲ್ಲಿ ಊರು ಸಿಕ್ಕ ಮೇಲೆ ಭೂಸ್ವಾಧೀನದ ಅವಾರ್ಡ್ ಪ್ರತಿ ಹುಡುಕಿ. ನಂಬರುವಾರು ಮಾಲೀಕರ ಹೆಸರಿನ ಜೊತೆ ಮನೆ, ಬಾವಿ, ಮರಗಳಿಗೆ ಕಟ್ಟಿದ ಬೆಲೆಯೂ ಅದರಲ್ಲಿರುತ್ತದೆ.

ಬೇರೆ ಸೀಮೆಗಳವರಿಗೆ

ಧಾರವಾಡ, ಬೆಳಗಾವಿ, ವಿಜಯಪುರ ಕಡೆ ಮುಂಬೈ ಪ್ರಾಂತ್ಯದ ದಾಖಲೆ; ಹಕ್ಕು ದಾಖಲೆಯ ಕಾಯ್ದೆ ಅಲ್ಲಿ 1903ರಲ್ಲೇ ಬಂದಿದ್ದರಿಂದ ಹೆಸರುಗಳು ಚೆನ್ನಾಗಿ ಸಿಗುತ್ತವೆ. ಹಳೆಯವು ಮೋಡಿ ಲಿಪಿಯಲ್ಲಿದ್ದರೆ ಓದಿಸಲು ಬಲ್ಲವರು ಬೇಕು. ಕಲಬುರಗಿ, ಬೀದರ, ರಾಯಚೂರಿನಲ್ಲಿ ನಿಜಾಮರ ಕಾಲದ ಉರ್ದು ಕಡತ ಮತ್ತು 1950ರ ದಶಕದ ಖಾಸ್ರಾ ಪಹಣಿ ನೋಡಬೇಕು. ಕರಾವಳಿಯ ದಕ್ಷಿಣ ಭಾಗ ಮದ್ರಾಸ್ ಪ್ರಾಂತ್ಯದಲ್ಲಿತ್ತು; ಅಲ್ಲಿ ಅಡಂಗಲ್, ಸೆಟಲ್‌ಮೆಂಟ್ ರಿಜಿಸ್ಟರ್, ವರ್ಗದ ಲೆಕ್ಕ. ಕೊಡಗಿನವರಿಗೆ ಜಮ್ಮಾ ಹಿಡುವಳಿಯ ಕಡತಗಳು ಐನ್‌ಮನೆಯ ಹೆಸರಿನಲ್ಲೇ ದಾರಿ ತೋರಿಸುತ್ತವೆ.

ಹೊಲಕ್ಕೆ ಹೋಗುವ ಮುನ್ನ

ನಕ್ಷೆ ಹಿಡಿದು ಅಪರಿಚಿತರು ಹೊಲದ ಬದುವಿನ ಮೇಲೆ ನಿಂತರೆ ಊರಿನಲ್ಲಿ ಮೊದಲು ಹುಟ್ಟುವ ಅನುಮಾನ ಒಂದೇ: ಪಾಲು ಕೇಳಲು ಬಂದಿದ್ದಾರೆ. ನೇರವಾಗಿ ಹೊಲಕ್ಕೆ ನುಗ್ಗದೆ ಗುಡಿಗೋ ಅರಳಿಕಟ್ಟೆಗೋ ಹೋಗಿ, ಬಂದ ಕಾರಣ ಹೇಳಿಕೊಂಡು, ಊರಿನ ಒಬ್ಬರು ಹಿರಿಯರನ್ನು ಜೊತೆಗೆ ಕರೆದುಕೊಳ್ಳಿ. ನಿಜವಾಗಿಯೂ ಪಾಲಿನ ಆಸೆ ಇದ್ದರೆ ವಕೀಲರನ್ನು ನೋಡಿ. ಎರಡನ್ನೂ ಒಟ್ಟಿಗೆ ಬೆರೆಸಿದರೆ ವಂಶದ ಕತೆಯನ್ನು ನಿಮಗೆ ಯಾರೂ ಹೇಳುವುದಿಲ್ಲ.

ಮೊದಲ ಸರ್ವೆಗಿಂತ ಹಿಂದಕ್ಕೆ ನಕ್ಷೆ ಕರೆದೊಯ್ಯುವುದಿಲ್ಲ. ಅಲ್ಲಿಂದಾಚೆಗೆ ಹೆಳವರು ಇದ್ದಾರೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ ಬಂದು, ಒಕ್ಕಲು ಮನೆಗಳ ವಂಶ ಹೇಳಿ ದವಸ ಪಡೆದು ಹೋಗುವವರು. ನಿಮ್ಮ ಮನೆತನದ ಹೆಳವರು ಯಾವ ತಿಂಗಳು ಬರುತ್ತಾರೆ ಎಂದು ಊರಿನಲ್ಲಿ ಕೇಳಿಟ್ಟುಕೊಳ್ಳಿ. ಅವರ ಹೆಸರಿನ ಸರಣಿಯನ್ನು ನಿಮ್ಮ ಪೌತಿ ಖಾತೆಗಳ ಸರಣಿಯ ಪಕ್ಕಕ್ಕಿಟ್ಟು ನೋಡಿ. ಎರಡು ಮೂರು ತಲೆಮಾರು ತಾಳೆಯಾದರೆ ಅದಕ್ಕೂ ಹಿಂದಿನವನ್ನು ನಂಬಲು ಆಧಾರ ಸಿಕ್ಕಿತು. ಇಂಥ ಊರಿನಿಂದ ಬಂದವರು ನೀವು ಎಂದು ಅವರು ಬೇರೊಂದು ಊರಿನ ಹೆಸರು ಹೇಳಿದರೆ, ಆ ಊರಿನ ಗ್ರಾಮನಕ್ಷೆಯನ್ನೂ ಇಳಿಸಿಕೊಳ್ಳಿ.